‘ಆದರೂ’ ಎಂಬ ಮಾತು

ಕೆಲವು ತಿಂಗಳುಗಳ ಹಿಂದೆ ಇಂಡಿಯಲ್ಲಿ ಗೆಳೆಯರೊಬ್ಬರ ಮನೆಯಲ್ಲಿ ನಾವು ಐದಾರು ಜನ ಕೂಡಿದ್ದೆವು. ಊಟವಾದ ಮೇಲೆ ಮನೆಯ ಯಜಮಾನರು ಒಂದು ಧ್ವನಿಮುದ್ರಣವನ್ನು ಕೇಳಿಸಿದರು. ಎರಡು ಗಿಟಾರುಗಳು ಒಂದರೊಡನೊಂದು ಮಾತಾಡುತ್ತಿದ್ದವು. ಒಂದು ಸ್ವರದಿಂದ ಇನ್ನೊಂದಕ್ಕೆ ಜಿಗಿಯದೆ, ಎಣ್ಣೆಯ ಧಾರೆಯಂತೆ ಜಾರುತ್ತಿದ್ದವು. ನುಡಿಸುವವರಲ್ಲಿ ಒಬ್ಬರು ಜಯಪುರದ ವಿಶ್ವಮೋಹನ ಭಟ್ಟರು, ಇನ್ನೊಬ್ಬರು ಅಮೇರಿಕೆಯ ಕ್ಯಾಲಿಫೋರ್ನಿಯದ ರೈ ಕೂಡರ ಎಂಬವರು ಎಂದು ತಿಳಿದ ಕೂಡಲೆ ಹಿರಿಯರೊಬ್ಬರು, “ಅಮೇರಿಕಾದಾಂವ ಆದ್ರೂ ಎಷ್ಟು ಛಂದ ಮೀಂಡ ತಗೀತಾನ ನೋಡ್ರಿ!” ಎಂದರು. ಎಲ್ಲರೂ ತಲೆದೂಗಿದೆವು, ಈ ಲೇಖಕನೂ ತಲೆದೂಗಿದನು. ಆದರೆ ಮನೆಗೆ ಬರುವಾಗ ಆ ‘ಆದರೂ’ ಎಂಬ ಮಾತು ಕಾಲಲ್ಲಿ ಮುರಿದ ಮುಳ್ಳಿನಂತೆ ಚುಚ್ಚತೊಡಗಿತು. ನಾವು ಹೊಗಳಿದ್ದು ಸಂಗೀತವನ್ನೋ, ಅಥವಾ ನುಡಿಸಿದವನ ಊರನ್ನು ನೆನೆದು ನಮಗಾದ ಬೆರಗನ್ನೋ? ಈ ಪ್ರಶ್ನೆಯನ್ನು ವಾಚಕರ ಮುಂದೆ ಇಡುವದೇ ಪ್ರಸ್ತುತ ಲೇಖನದ ಉದ್ದೇಶವು.

ಮೊದಲು ವಾದ್ಯದ ವಿಷಯವಾಗಿ ಎರಡು ಮಾತು. ಸಾಧಾರಣ ಗಿಟಾರನ್ನು ಎದೆಗೆ ಆನಿಸಿ ಬೆರಳಿನಿಂದ ತಂತಿಯನ್ನು ಮೆಟ್ಟುಗಳ ಮೇಲೆ ಒತ್ತಿ ನುಡಿಸುವರು. ನಾವು ಹೇಳುತ್ತಿರುವದು ಹಾಗಲ್ಲ. ಇದನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ತಂತಿಗಳನ್ನು ಸ್ವಲ್ಪ ಎತ್ತರಿಸಿ, ಎಡಗೈಯಲ್ಲಿ ಒಂದು ಉಕ್ಕಿನ ತುಂಡನ್ನು ಹಿಡಿದು ತಂತಿಯ ಮೇಲೆ ಜಾರಿಸುವರು. ಉಕ್ಕಿನ ಗಿಟಾರ ಎಂಬ ಹೆಸರು ಬಂದದ್ದು ಆ ತುಂಡಿನಿಂದಲೇ ಹೊರತು ವಾದ್ಯದ ಮೈಯಿಂದಲ್ಲ. ಮೆಟ್ಟಿನ ಕಟ್ಟಳೆ ತಪ್ಪಿದೊಡನೆ ಎರಡು ಸ್ವರಗಳ ನಡುವಿನ ದಾರಿಯೆಲ್ಲ ನುಡಿಸುವವನ ಸ್ವಾಧೀನವಾಗುವದು. ಹಾಡುಗಾರನ ಗಂಟಲಿಗೆ ಇರುವ ಸ್ವಾತಂತ್ರ್ಯವು ಕೈಗೆ ದೊರೆಯುವದು; ಅದರೊಡನೆ ತಪ್ಪಿ ಬೀಳುವ ಭಯವೂ ಬರುವದು. ಕೂದಲೆಳೆಯಷ್ಟು ಸರಿದರೂ ಸ್ವರವು ಕೆಡುವದು.

ಈ ಪದ್ಧತಿಯನ್ನು ಕಂಡು ಹಿಡಿದವನು ಹವಾಯಿ ದ್ವೀಪದ ಜೋಸೆಫ ಕೆಕುಕು (1874-1932) ಎಂದು ಸಾಮಾನ್ಯವಾಗಿ ಒಪ್ಪುವರು. ಹುಡುಗನಾಗಿದ್ದಾಗ ರೇಲಿನ ಹಳಿಯ ಬಳಿ ಸಿಕ್ಕ ಕಬ್ಬಿಣದ ತುಂಡೊಂದು ತಂತಿಗೆ ತಾಗಿ ಹೊರಟ ನಾದವನ್ನು ಕೇಳಿ ಆತನು ಇದನ್ನು ಸಾಧಿಸಿದನೆಂದು ಕಥೆ. ಇನ್ನೊಂದು ಕಥೆಯೂ ಉಂಟು. ಹಿಂದುಸ್ತಾನದಲ್ಲಿ ಹುಟ್ಟಿ, ಹಡಗಿನವರ ಕೈಸೇರಿ ಹೊನೊಲುಲುವಿಗೆ ಹೋದ ಗೇಬ್ರಿಯಲ್ ಡೇವಿಯನ್ ಎಂಬವನು 1880ರ ದಶಕದಲ್ಲಿಯೇ ಅಲ್ಲಿ ಹೀಗೆ ನುಡಿಸುತ್ತಿದ್ದನಂತೆ. ಈ ಎರಡನೆಯ ಕಥೆಯನ್ನು ಕೇಳಿದೊಡನೆ ನಮ್ಮವರ ಎದೆ ಉಬ್ಬುವದು. ನಮ್ಮಲ್ಲಿ ಗೋಟುವಾದ್ಯವಿದೆ, ವಿಚಿತ್ರವೀಣೆಯಿದೆ. ಅವೂ ಮೆಟ್ಟಿಲ್ಲದೆ ಜಾರಿಸಿ ನುಡಿಸುವಂಥವೇ. ಆದ್ದರಿಂದ ಎಲ್ಲವೂ ಇಲ್ಲಿಂದಲೇ ಹೋಯಿತೆಂದು ಹೇಳುವ ಆಸೆ ಸಹಜವು. ಆದರೆ ಕಥೆಯನ್ನು ಕಥೆಯಂತೆಯೇ ಇಡುವದು ಲೇಸು. ವಾದ್ಯದ ಮೇಲೆ ಹಕ್ಕು ಸಾಧಿಸ ಹೊರಡುವವನೂ ‘ಆದರೂ’ ಎನ್ನುವವನೂ ಒಂದೇ ಬಳ್ಳಿಯ ಕಾಯಿಗಳು. ಇಬ್ಬರೂ ಕೇಳುವದು ‘ಇದು ಯಾರದು’ ಎಂದೇ ಹೊರತು ‘ಇದು ಹೇಗಿದೆ’ ಎಂದಲ್ಲ.

ಈ ನಾದವು ಅಮೇರಿಕೆಯ ಹಳ್ಳಿಗಾಡಿನ ಹಾಡನ್ನು ಸೇರಿದ ಬಗೆಯನ್ನು ನೋಡಿದರೆ ಆ ಪ್ರಶ್ನೆಯೇ ಸಡಿಲಾಗುವದು. 1915ರಲ್ಲಿ ಸ್ಯಾನಫ್ರಾನ್ಸಿಸ್ಕೋದಲ್ಲಿ ದೊಡ್ಡದೊಂದು ಪ್ರದರ್ಶನವಾಯಿತು. ಅಲ್ಲಿಯ ಹವಾಯಿ ಮಂಟಪದಲ್ಲಿ ಈ ಗಿಟಾರನ್ನು ಕೇಳಿದ ಜನರಿಗೆ ಅದರ ಹುಚ್ಚು ಹಿಡಿಯಿತು. ರೇಲ್ವೆಯಲ್ಲಿ ದುಡಿದು ಹಾಡುಗಾರನಾದ ಮಿಸಿಸಿಪಿಯ ಜಿಮ್ಮಿ ರಾಜರ್ಸನನ್ನು ಅಲ್ಲಿಯವರು ಆ ಸಂಗೀತದ ಪಿತಾಮಹನೆಂದು ಕರೆಯುವರು. ಆತನ 1929ರ ಮುದ್ರಣಗಳಲ್ಲಿ ಉಕ್ಕಿನ ಗಿಟಾರು ಹಿಡಿದವನು ಜೋ ಕೈಪೋ ಎಂಬ ಹವಾಯಿಯವನು. 1935ರಲ್ಲಿ ಬಾಬ್ ಡನ್ ಎಂಬವನು ಟೆಕ್ಸಾಸಿನ ನೃತ್ಯಮೇಳದಲ್ಲಿ ಇದಕ್ಕೆ ವಿದ್ಯುಚ್ಛಕ್ತಿಯನ್ನು ಜೋಡಿಸಿದನು. 1954ರಲ್ಲಿ ವೆಬ್ ಪಿಯರ್ಸನ ಹಾಡೊಂದರಲ್ಲಿ ಬಡ್ ಐಸಾಕ್ಸ್ ಎಂಬವನು ಕಾಲಿನ ತುಳಿಗೆಗಳಿಂದ ತಂತಿಯ ಬಿಗುವನ್ನೇ ಬದಲಿಸಿ ಸ್ವರಗಳನ್ನು ಬಾಗಿಸಿದನು. ಅಂದಿನಿಂದ ಆ ಅಳುದನಿಯೇ ಆ ಸಂಗೀತದ ಗುರುತಾಯಿತು. ಇತ್ತ ಕರಿಯ ಜನರ ಕೆಲವು ಇಗರ್ಜಿಗಳಲ್ಲಿ 1930ರ ದಶಕದಿಂದ ಇದೇ ಗಿಟಾರು ಪ್ರಾರ್ಥನೆಯ ಮುಖ್ಯ ವಾದ್ಯವಾಗಿ ನಿಂತಿದೆ.

ಇಂದು ಅಮೇರಿಕೆಯ ಬಿಳಿಯ ಒಕ್ಕಲಿಗನ ಹಾಡಿನ ಪ್ರಾಣವೆಂದು ನಾವು ತಿಳಿದಿರುವ ನಾದವು ಆತನಿಗೆ ಬಂದದ್ದು ನಡುಗಡ್ಡೆಯವರ ಕೈಯಿಂದ. ಹವಾಯಿಯವನು ಅಲ್ಲಿ ನುಡಿಸಿದರೆ ಯಾರಿಗೂ ಬೆರಗಾಗಬೇಕಾದುದಿಲ್ಲ, ಆದರೂ ಆಗುವದು. ಇನ್ನೂ ಒಂದು ಮಾತು. ಓಹಾಯೋ ಪ್ರಾಂತದ ಜೆರಿ ಬರ್ಡ ಎಂಬವನು ಬಹು ವರ್ಷ ನ್ಯಾಶವಿಲ್ಲಿನಲ್ಲಿ ನುಡಿಸಿ, 1972ರಲ್ಲಿ ಹವಾಯಿಗೆ ಹೋಗಿ ನೆಲೆಸಿದನು. ಅಲ್ಲಿಯ ತರುಣರು ಮರೆಯುತ್ತಿದ್ದ ಅವರದೇ ವಿದ್ಯೆಯನ್ನು ಅವರಿಗೆ ಮರಳಿ ಕಲಿಸಿದನು. ಸಾಲ ಕೊಟ್ಟವರ ಮನೆಗೆ ಸಾಲಗಾರನೇ ಬಡ್ಡಿಸಹಿತ ಬಂದಂತಾಯಿತು. ಇಲ್ಲಿ ‘ಆದರೂ’ ಎಂಬುದನ್ನು ಯಾರ ಹೆಸರಿನ ಮುಂದೆ ಹಚ್ಚುವದು?

ನಮ್ಮ ದೇಶಕ್ಕೆ ಇದು ಬಂದ ದಾರಿಯೂ ಇಂಥದೇ. ಸಾಮೋವಾ ದ್ವೀಪದಲ್ಲಿ ಹುಟ್ಟಿ ಹವಾಯಿಯಲ್ಲಿ ಬೆಳೆದ ಟಾವು ಮೋ ಎಂಬ ಕಲಾವಿದನು ಕುಟುಂಬಸಹಿತ ಪೂರ್ವದೇಶಗಳನ್ನು ಸುತ್ತಿ 1940ರ ದಶಕದಲ್ಲಿ ಕೆಲವು ವರ್ಷ ಕಲಕತ್ತೆಯಲ್ಲಿ ನಿಂತನು. ಆ ನಗರದಲ್ಲಿ ಹವಾಯಿ ಗಿಟಾರು ಮನೆಮಾತಾಯಿತು. ಬಂಗಾಲಿಗಳು ಅದರಲ್ಲಿ ರವೀಂದ್ರರ ಹಾಡುಗಳನ್ನು ನುಡಿಸಿದರು. ಲಖನೌದ ಕ್ರೈಸ್ತನಾದ ವ್ಯಾನ್ ಶಿಪ್ಲಿ ಚಿತ್ರಗೀತೆಗಳನ್ನು ನುಡಿಸಿ ಮನೆಮನೆಯ ಗ್ರಾಮಾಫೋನಿಗೆ ಬಂದನು. ಆದರೆ ಅದು ಇನ್ನೂ ಹಾಡಿನ ನೆರಳಾಗಿಯೇ ಇತ್ತು. ಅದನ್ನು ರಾಗಸಂಗೀತದ ಪೂರ್ಣ ವಾದ್ಯವಾಗಿಸಿದ ಕೀರ್ತಿಯು ಜೋಧಪುರದ ಬ್ರಿಜಭೂಷಣ ಕಾಬ್ರಾ (1937-2018) ಅವರದು. ಅಲಿ ಅಕಬರ ಖಾನರ ಶಿಷ್ಯರಾದ ಇವರು 1967ರಲ್ಲಿ ಶಿವಕುಮಾರ ಶರ್ಮಾ, ಹರಿಪ್ರಸಾದ ಚೌರಾಸಿಯಾ ಇವರೊಡನೆ ‘ಕಾಲ್ ಆಫ್ ದಿ ವ್ಯಾಲಿ’ ಎಂಬ ಮುದ್ರಣದಲ್ಲಿ ನುಡಿಸಿದರು. ಇವರ ಶಿಷ್ಯರು ಕಲಕತ್ತೆಯ ದೇಬಾಶೀಷ ಭಟ್ಟಾಚಾರ್ಯರು. ರವಿಶಂಕರರ ಶಿಷ್ಯರಾದ ವಿಶ್ವಮೋಹನ ಭಟ್ಟರು ಗಿಟಾರಿಗೆ ಚಿಕಾರಿ ತಂತಿಗಳನ್ನೂ ಅನುರಣನದ ತಂತಿಗಳನ್ನೂ ಸೇರಿಸಿ ಅದನ್ನು ಮೋಹನವೀಣೆಯೆಂದು ಕರೆದರು. ನಮ್ಮ ನಾಡಿನಲ್ಲಿ ಬೆಂಗಳೂರಿನ ಪ್ರಕಾಶ ಸೊಂಟಕ್ಕೆಯವರು ಇದೇ ದಾರಿಯವರು. 2015ರಲ್ಲಿ ಗ್ರ್ಯಾಮಿ ಪಾರಿತೋಷಕವನ್ನು ಪಡೆದ ‘ವಿಂಡ್ಸ್ ಆಫ್ ಸಂಸಾರ’ದಲ್ಲಿ ಇವರ ಗಿಟಾರಿನ ನಾದವಿದೆ.

ಈಗ ಇಂಡಿಯಲ್ಲಿ ಕೇಳಿದ ಆ ಮುದ್ರಣಕ್ಕೆ ಬರೋಣ. ಅದರ ಹೆಸರು ‘ಎ ಮೀಟಿಂಗ್ ಬೈ ದಿ ರಿವರ್’. 1993ರಲ್ಲಿ ಹೊರಬಂದು ಮರುವರುಷ ಗ್ರ್ಯಾಮಿಯನ್ನು ಪಡೆಯಿತು. ಮೊದಲ ಪರಿಚಯವಿಲ್ಲದ ಇಬ್ಬರು ಕುಳಿತು ಸ್ವಲ್ಪ ಹೊತ್ತಿನಲ್ಲಿಯೇ ನುಡಿಸಲಾರಂಭಿಸಿದರೆಂಬುದು ಇದರ ಖ್ಯಾತಿ. ಒಟ್ಟು ನಾಲ್ಕು ನುಡಿಸಾಣಿಕೆಗಳಿವೆ. ಬೆರಗನ್ನು ಬದಿಗಿಟ್ಟು ಎರಡನೆಯ ಸಲ ಕೇಳಿದಾಗ ನಮಗೆ ಹೊಳೆದದ್ದು ಇದು: ಇಬ್ಬರ ಜಾರಿಕೆಯೂ ಒಂದೇ ಅಲ್ಲ. ಭಟ್ಟರ ಮೀಂಡವು ಒಂದು ಸ್ವರದ ಮನೆಯನ್ನು ಗುರಿಯಾಗಿಟ್ಟುಕೊಂಡು ಹೊರಡುವದು. ದಾರಿಯು ಎಷ್ಟೇ ಸುತ್ತಾದರೂ ಕೊನೆಗೆ ಆ ಮನೆಯ ಹೊಸ್ತಿಲಲ್ಲಿಯೇ ನಿಲ್ಲುವದು. ಕೂಡರನು ಸ್ವರಗಳ ನಡುವಿನ ಬಯಲಲ್ಲಿಯೇ ನಿಲ್ಲುವನು. ಅಮೇರಿಕೆಯ ಕರಿಯ ಜನರ ಬ್ಲೂಸ್ ಎಂಬ ಹಾಡಿನಲ್ಲಿ ಗಾಂಧಾರವು ಕೋಮಲವೂ ಅಲ್ಲ, ಶುದ್ಧವೂ ಅಲ್ಲ. ಎರಡರ ನಡುವೆ ನೋಯುತ್ತಿರುವದು. ನಮ್ಮ ದರಬಾರಿಯ ಗಾಂಧಾರವೂ ತೂಗುವದು. ಆದರೆ ಅದು ತೊಟ್ಟಿಲು ತೂಗಿದಂತೆ, ಕಟ್ಟಿದ ಕೊಂಡಿಯಿಂದ ಬಿಡದು. ಈ ಎರಡು ಬಗೆಯ ತೂಗಾಟಗಳು ಮೂರನೆಯ ನುಡಿಸಾಣಿಕೆಯಾದ ‘ಗ್ಯಾಂಜಿಸ್ ಡೆಲ್ಟಾ ಬ್ಲೂಸ್’ನಲ್ಲಿ ಮಗ್ಗುಲು ಮಗ್ಗುಲಿಗೆ ಕುಳಿತಿವೆ, ಒಂದು ಇನ್ನೊಂದನ್ನು ಅಣಕಿಸುವದಿಲ್ಲ. ಇದೇ ಆ ಕೃತಿಯ ನಿಜವಾದ ಗುಣವು.

ದೋಷವಿಲ್ಲವೇ? ಇದೆ. ಲಯವು ಏರಿದಾಗ ಭಟ್ಟರ ತಾನುಗಳು ಮುನ್ನುಗ್ಗುವವು; ಕೂಡರನು ಹಿಂದೆ ಸರಿದು ಆಸರೆಯ ಗೂಟವಾಗಿ ನಿಲ್ಲುವನು. ಸಂಭಾಷಣೆಯು ಅಷ್ಟರ ಮಟ್ಟಿಗೆ ಕೀರ್ತನೆಯಾಗುವದು: ಒಬ್ಬರು ಹೇಳುವದು, ಇನ್ನೊಬ್ಬರು ಹೂಂಗುಟ್ಟುವದು. ಕೊನೆಯದಾದ ‘ಈಸಾ ಲೇಯಿ’ ಫಿಜಿ ದ್ವೀಪದ ಬೀಳ್ಕೊಡುಗೆಯ ಹಾಡು. ಅಲ್ಲಿ ಇಬ್ಬರೂ ಸಮನಾಗುವರು. ಅದು ಇಬ್ಬರಿಗೂ ಪರರ ಮನೆ. ಇಬ್ಬರೂ ಚಪ್ಪಲಿಯನ್ನು ಹೊರಗೆ ಬಿಟ್ಟೇ ಒಳಗೆ ಬಂದಿದ್ದಾರೆ. ‘ಅಮೇರಿಕೆಯವನಾದರೂ’ ಎಂದು ತಲೆದೂಗಿದ ನಮಗೆ ಆ ರಾತ್ರಿ ಈ ಗುಣವೂ ಕೇಳಲಿಲ್ಲ, ಈ ದೋಷವೂ ಕೇಳಲಿಲ್ಲ. ಬೆರಗು ಎರಡನ್ನೂ ನುಂಗಿತ್ತು.

ದೂರದ ಮಾತು ಸಾಕು. ನಮ್ಮ ಜಿಲ್ಲೆಯನ್ನೇ ನೋಡೋಣ. ಹಲಸಂಗಿಯ ಖಾಜಾಭಾಯಿಯ ಲಾವಣಿಗಳನ್ನು ಮೆಚ್ಚುವವರು ಎಷ್ಟೋ ಜನ. ಮೆಚ್ಚುವಾಗ ಬಾಯಿಗೆ ಮೊದಲು ಬರುವ ಮಾತು ಯಾವುದು? “ಮುಸಲ್ಮಾನನಾದರೂ ಎಂಥ ಕನ್ನಡ!” ಎಂಬದೇ. ಆ ಹೊಗಳಿಕೆಯಲ್ಲಿ ಒಂದು ಬಾಗಿಲು ಮುಚ್ಚುವ ಸಪ್ಪಳವಿದೆ. ಕನ್ನಡವು ಆತನ ತಾಯಿಯ ಮನೆಯಾಗಿರಲಿಲ್ಲ, ಆತನು ಅತಿಥಿಯಾಗಿ ಬಂದು ಚೆನ್ನಾಗಿ ನಡೆದುಕೊಂಡನು ಎಂದಂತಾಗುವದು. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಹೊರತಂದರು. ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಕಾಪಸೆ ರೇವಪ್ಪನವರು ಇದ್ದ ಆ ಬಳಗದಲ್ಲಿ ಧೂಲಾಸಾಹೇಬರೂ ಇದ್ದರು. ಅವರಿಗೆ ‘ಆದರೂ’ ಬೇಕಾಗಿರಲಿಲ್ಲ. ಹಾಡು ಹೇಗಿದೆ ಎಂಬದೊಂದೇ ಅವರ ಅಳತೆಯಾಗಿತ್ತು. ಸಿಂದಗಿ, ಮುದ್ದೇಬಿಹಾಳ ಕಡೆಯ ಹಳ್ಳಿಗಳಲ್ಲಿ ಮೊಹರಮ್ಮಿನ ರಿವಾಯತ ಪದಗಳನ್ನು ಹಿಂದೂ ಮುಸಲ್ಮಾನರಿಬ್ಬರೂ ಕೂಡಿ ಹಾಡುವರು. ಕುಣಿಯುವವರ ಹೆಜ್ಜೆ ತಪ್ಪಿದರೆ ಮೇಳದ ಹಿರಿಯನು ಹೆಜ್ಜೆಯನ್ನು ತಿದ್ದುವನೇ ಹೊರತು ಕುಲವನ್ನು ಕೇಳುವದಿಲ್ಲ. ಓದು ಕಲಿತ ನಾವು ಆ ಹಿರಿಯನಿಗಿಂತ ಹಿಂದೆ ಬಿದ್ದೆವೇ?

ವಿಜಾಪುರದ ಎರಡನೆಯ ಇಬ್ರಾಹೀಮ ಆದಿಲಶಹನು (ಆಳಿಕೆ 1580-1627) ದಖ್ಖನಿಯಲ್ಲಿ ‘ಕಿತಾಬ್-ಎ-ನವರಸ’ವನ್ನು ಬರೆದು, ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿ, ಹಾಡುಗಳಿಗೆ ರಾಗಗಳನ್ನು ಹೆಸರಿಸಿದನು, ತನ್ನ ತಂಬೂರಿಗೆ ಮೋತೀಖಾನನೆಂದು ಹೆಸರಿಟ್ಟು ಮುದ್ದಿಸಿದನು. ‘ಸುಲ್ತಾನನಾದರೂ’ ಎನ್ನುವದಕ್ಕಿಂತ ‘ಸಂಗೀತವೇ ಆತನ ದರಬಾರವಾಗಿದ್ದುದರಿಂದ’ ಎನ್ನುವದು ಹೆಚ್ಚು ಸತ್ಯವಲ್ಲವೇ? ಇಂದು ನಮ್ಮ ಭಜನೆಗೂ ನಾಟಕಕ್ಕೂ ಬೇಕೇ ಬೇಕೆನಿಸುವ ಪೇಟಿಯು ಯುರೋಪದಿಂದ ಬಂದದ್ದು. ಅದರಲ್ಲಿ ಮೀಂಡವಿಲ್ಲವೆಂಬುದೇ ಮುಖ್ಯ ಕಾರಣವಾಗಿ 1940ರಲ್ಲಿ ಆಕಾಶವಾಣಿಯು ಅದನ್ನು ಹೊರಗಿಟ್ಟಿತು. 1971ರವರೆಗೆ ಆ ನಿಷೇಧವು ನಡೆಯಿತು. ಮೀಂಡವಿಲ್ಲದ ಪರದೇಶಿ ಪೇಟಿಯನ್ನು ನಾವು ನಮ್ಮದೆಂದೆವು. ಮೀಂಡವೇ ಜೀವವಾದ ಗಿಟಾರನ್ನು ಪರದೇಶಿಯೆನ್ನುವೆವು. ನಮ್ಮ ಕಿವಿಗಿಂತ ನಮ್ಮ ರೂಢಿಯೇ ತೀರ್ಪು ಹೇಳುತ್ತಿದೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಹುಟ್ಟು, ಊರು, ಗುರು, ಮನೆಯ ಭಾಷೆ ಇವುಗಳನ್ನೆಲ್ಲ ಮರೆತು ಬರಿಯ ನಾದವನ್ನು ಕೇಳಬೇಕೆಂದು ಈ ಲೇಖಕನು ಹೇಳುವನೇ? ಹಾಗಲ್ಲ. ಸಜೀಪದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು (1949-2019) ನಾಗಸ್ವರದವರ ಮಗನು. ಮೈಸೂರಿನ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕೇಳಿ ಅದಕ್ಕೆ ಮನಸೋತು, ಕರ್ನಾಟಕ ಸಂಗೀತವನ್ನು ಅದರಲ್ಲಿ ತುಂಬಿದರು. 1994ರಲ್ಲಿ ಲಂಡನ್ನಿನ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು. ಅವರ ಉಸಿರಿನ ಉದ್ದ, ಗಮಕದ ಗುಂಗು ಇವು ನಾಗಸ್ವರದ ಮನೆಯಿಂದ ಬಂದವೆಂದು ತಿಳಿದರೆ ಕೇಳುವದು ಹೆಚ್ಚು ಆಳವಾಗುವದು. ಅಂದ ಮೇಲೆ ಹುಟ್ಟಿನ ಮಾತು ಬೇಕು. ಅದು ಬರಬೇಕಾದ ಸ್ಥಳ ಬೇರೆ. ‘ನಾಗಸ್ವರದವರ ಮಗನಾದರೂ’ ಎಂದರೆ ವಿಮರ್ಶೆಯು ಅಲ್ಲಿಗೇ ಮುಗಿಯಿತು. ‘ನಾಗಸ್ವರದವರ ಮಗನಾದ್ದರಿಂದ’ ಎಂದರೆ ಅಲ್ಲಿಂದ ಆರಂಭವಾಯಿತು. ಏಕೆಂದರೆ ‘ಆದ್ದರಿಂದ’ ಎಂದವನು ಮುಂದೆ ಕಾರಣವನ್ನು ತೋರಿಸಬೇಕು, ಯಾವ ಸ್ವರದಲ್ಲಿ, ಯಾವ ಎಳೆತದಲ್ಲಿ ಆ ಮನೆಯು ಕೇಳಿಸುವದೆಂದು ಬೆರಳಿಟ್ಟು ಹೇಳಬೇಕು. ಹೇಳಲಾರದಿದ್ದರೆ ‘ಆದ್ದರಿಂದ’ವೂ ಸೋಮಾರಿಯ ಮಾತೇ.

ಬಸವಣ್ಣನವರು ಹುಟ್ಟಿದ ಬಾಗೇವಾಡಿ ನಮ್ಮ ಜಿಲ್ಲೆಯಲ್ಲಿದೆ. ಬಂದವನನ್ನು ಯಾರವನೆಂದು ದೂರ ನಿಲ್ಲಿಸಿ ಕೇಳಬಾರದೆಂಬ ಬುದ್ಧಿಯನ್ನು ಈ ನೆಲವು ಬಹು ಹಿಂದೆಯೇ ಕೇಳಿದೆ. ಅದನ್ನು ಊಟದ ಪಂಕ್ತಿಗೆ ಅನ್ವಯಿಸಲು ನಾವು ಇನ್ನೂ ಕಲಿಯುತ್ತಿದ್ದೇವೆ. ಸಂಗೀತದ ಪಂಕ್ತಿಗೂ ಅನ್ವಯಿಸುವದು ಅಷ್ಟೇ ಅವಶ್ಯವು. ನಮ್ಮ ಊರುಗಳಲ್ಲಿ ಸಭೆಗಳಾದಾಗ ಕಲಾವಿದನನ್ನು ಪರಿಚಯಿಸುವವರು ‘ಇಂಥವರಾದರೂ’ ಎಂದು ತೊಡಗುವ ರೂಢಿಯನ್ನು ಬಿಟ್ಟರೆ ಒಳಿತಾಗುವದು. ಆ ಮಾತು ಕೇಳಿದ ಕಲಾವಿದನು ನಗುತ್ತ ನಮಸ್ಕರಿಸುವನು. ಆದರೆ ತಾನು ಇಲ್ಲಿಯವನಲ್ಲವೆಂಬುದನ್ನು ಮತ್ತೊಮ್ಮೆ ಕೇಳಿಸಿಕೊಂಡೇ ವಾದ್ಯಕ್ಕೆ ಕೈ ಹಚ್ಚುವನು.

ಮೊನ್ನೆ ಆ ಹಿರಿಯರು ಮತ್ತೆ ಸಿಕ್ಕಿದ್ದರು. ಈ ವಿಚಾರವನ್ನೆಲ್ಲ ಅವರ ಮುಂದೆ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಇನ್ನೊಮ್ಮೆ ಹಚ್ರಿ, ಕೇಳೋಣು” ಎಂದರು. ಹಚ್ಚಿದೆವು. ಈ ಸಲ ಅವರು ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿ, “ನಡುವ ಅವಸರ ಮಾಡ್ಯಾರ, ಕಡೀಕ ಭಾಳ ಛಲೋ ಆಗೇದ” ಎಂದರು. ಇಬ್ಬರಲ್ಲಿ ಯಾರು ಎಲ್ಲಿಯವರೆಂದು ಈ ಸಲ ಅವರು ಕೇಳಲಿಲ್ಲ.