ಶಂಕರನನ್ನು ಯಾರಾದರೂ ಕೇಳಿದರಾ?

ಮೊದಲು ತರಗತಿಯಲ್ಲಿ ನಡೆದದ್ದನ್ನು ಹೇಳಿಬಿಡುತ್ತೇನೆ, ಆಮೇಲೆ ಸಿನಿಮಾ ವಿಷಯಕ್ಕೆ ಬರೋಣ. ಪುಣೆ ಜಿಲ್ಲೆಯ ಶಿರೂರಿನಲ್ಲಿ ನಾನು ಉರ್ದು ಮಾಧ್ಯಮದ ಮಕ್ಕಳಿಗೆ ಪಾಠ ಹೇಳುತ್ತೇನೆ. ಹೊಸದಾಗಿ ಸೇರಿದ ಒಬ್ಬ ಹುಡುಗಿಗೆ ಕಾಕ್ಲಿಯರ್ ಇಂಪ್ಲಾಂಟ್ ಆಗಿತ್ತು. ಕಿವಿಯ ಹಿಂದೆ ಯಂತ್ರ, ತಲೆಗೆ ಅಂಟಿಕೊಂಡ ಒಂದು ಗುಂಡು ಬಿಲ್ಲೆ. ಅದನ್ನು ನೋಡಿ ಹಿಂದಿನ ಬೆಂಚಿನ ಹುಡುಗ, “ಟೀಚರ್, ಇವಳಿಗೂ ಐಸ್ಮಾರ್ಟ್ ಶಂಕರನ ಚಿಪ್ ಹಾಕಿದ್ದಾರೆ!” ಅಂದ. ಕ್ಲಾಸೆಲ್ಲ ನಕ್ಕಿತು. ಹುಡುಗಿ ದುಪಟ್ಟಾ ಮುಂದಕ್ಕೆ ಎಳೆದುಕೊಂಡಳು.

ಆ ರಾತ್ರಿಯೇ ನಾನು ‘ಐಸ್ಮಾರ್ಟ್ ಶಂಕರ್’ ನೋಡಿದೆ, ಹಿಂದಿ ಡಬ್ಬಿಂಗಿನಲ್ಲಿ.

2019ರ ಜುಲೈನಲ್ಲಿ ಬಂದ ತೆಲುಗು ಚಿತ್ರ ಇದು. ನಿರ್ದೇಶಕ ಪುರಿ ಜಗನ್ನಾಥ್ ಕನ್ನಡಿಗರಿಗೆ ಹೊಸಬರಲ್ಲ, 2002ರಲ್ಲಿ ಪುನೀತ್ ಅವರನ್ನು ನಾಯಕನಾಗಿಸಿದ ‘ಅಪ್ಪು’ ಅವರದೇ. ನಾಯಕಿಯರಲ್ಲಿ ಒಬ್ಬರಾದ ನಭಾ ನಟೇಶ್ ನಮ್ಮ ಶೃಂಗೇರಿಯವರು. ಕಥೆ ಹೀಗಿದೆ: ಅರುಣ್ ಎಂಬ ಸಿಬಿಐ ಅಧಿಕಾರಿ ಒಂದು ಕೊಲೆಯ ತನಿಖೆಯ ನಡುವೆ ಸಾಯುತ್ತಾನೆ. ಅವನಿಗೆ ಗೊತ್ತಿದ್ದ ಗುಟ್ಟು ಅವನ ಜೊತೆಗೇ ಹೋಗಬಾರದು. ಅದಕ್ಕೆ ಅವನ ಪ್ರೇಯಸಿ, ಮೆದುಳಿನ ವಿಜ್ಞಾನಿ ಸಾರಾ, ಅವನ ನೆನಪುಗಳನ್ನು ಶಂಕರ್ ಎಂಬ ರೌಡಿಯ ತಲೆಗೆ ವರ್ಗಾಯಿಸುತ್ತಾಳೆ. ಈ ಎಳೆ 2016ರ ಇಂಗ್ಲಿಷ್ ಚಿತ್ರ ‘ಕ್ರಿಮಿನಲ್’ನಲ್ಲೂ ಇತ್ತು.

ಸುಳ್ಳು ಹೇಳುವುದಿಲ್ಲ, ನನಗೆ ಸಿನಿಮಾ ಬೇಜಾರಾಗಲಿಲ್ಲ. ಶಂಕರನಾಗಿ ರಾಮ್ ಪೋತಿನೇನಿ ಅವರ ಹೈದರಾಬಾದಿ ಗತ್ತು ನಮ್ಮ ಮನೆಯ ದಖನಿಗೆ ನೆಂಟನ ಹಾಗೆ ಅನಿಸಿತು. ಒಂದು ಕ್ಷಣ ಬೀದಿಯ ಪೋಕರಿ, ಮರುಕ್ಷಣ ಗಂಭೀರ ಅಧಿಕಾರಿ: ಆ ಬದಲಾವಣೆಯನ್ನು ಅವರು ಚೆನ್ನಾಗಿಯೇ ಮಾಡಿದ್ದಾರೆ.

ನನ್ನ ತಕರಾರು ವಿಜ್ಞಾನದ ಬಗ್ಗೆ ಅಲ್ಲ. ಒಬ್ಬರ ನೆನಪನ್ನು ಇನ್ನೊಬ್ಬರ ತಲೆಗೆ ಸುರಿಯುವ ವಿದ್ಯೆ ಇವತ್ತಿಗೂ ಇಲ್ಲ, ಕಥೆಗೆ ಅಷ್ಟು ರಿಯಾಯಿತಿ ಕೊಡೋಣ. ನನ್ನ ಪ್ರಶ್ನೆ ಬೇರೆ. ಶಂಕರನನ್ನು ಯಾರಾದರೂ ಕೇಳಿದರಾ? ಅಧಿಕಾರಿಯ ನೆನಪು ಅಮೂಲ್ಯ, ಅದನ್ನು ಉಳಿಸಬೇಕು. ರೌಡಿಯ ತಲೆ ಮಾತ್ರ ಖಾಲಿ ಸೈಟು, ಯಾರು ಬೇಕಾದರೂ ಮನೆ ಕಟ್ಟಬಹುದು! ಸಿನಿಮಾಗೆ ಇದು ತಪ್ಪು ಅಂತ ಅನಿಸುವುದೇ ಇಲ್ಲ. 2024ರ ಆಗಸ್ಟಿನಲ್ಲಿ ಬಂದ ‘ಡಬಲ್ ಐಸ್ಮಾರ್ಟ್’ನಲ್ಲಿ ಸಾವಿನಂಚಿನಲ್ಲಿರುವ ಖಳನಾಯಕ ಇದೇ ಕೆಲಸಕ್ಕೆ ಕೈ ಹಾಕಿದಾಗ ಅದು ಪಾಪವಾಗುತ್ತದೆ. ಒಳ್ಳೆಯವರು ಮಾಡಿದರೆ ಸರಿ, ಕೆಟ್ಟವರು ಮಾಡಿದರೆ ತಪ್ಪು ಅನ್ನುವುದು ಎಂಥ ನ್ಯಾಯ?

ಇಲ್ಲಿ ಒಂದು ಪದ ನೆನಪಾಗುತ್ತದೆ. ಕನ್ನಡದಲ್ಲಿ ನಿಯತ್ತು ಅಂದರೆ ಪ್ರಾಮಾಣಿಕತೆ. ಅದರ ಮೂಲವಾದ ಉರ್ದುವಿನ ನೀಯತ್ ಅಂದರೆ ಮನಸ್ಸಿನ ಸಂಕಲ್ಪ. ಕೆಲಸದ ತೂಕ ಅದರ ಹಿಂದಿನ ನೀಯತ್‌ನಲ್ಲಿದೆ ಅಂತ ಕೇಳುತ್ತಲೇ ಬೆಳೆದವರು ನಾವು. ಶಂಕರ್ ಒಳ್ಳೆಯ ಕೆಲಸ ಮಾಡುವುದು ಸರಿ, ಆದರೆ ಅದರ ಹಿಂದಿನ ನೀಯತ್ ಯಾರದು? ಅವನದೋ, ಸತ್ತ ಅರುಣನದೋ? ಇಡೀ ಸಿನಿಮಾ ನಿಲ್ಲಬೇಕಾಗಿದ್ದ ಜಾಗ ಇದು. ನಿರ್ದೇಶಕರು ಒಂದು ಹಾಡು, ಒಂದು ಹೊಡೆದಾಟ ಹಾಕಿ ದಾಟಿಬಿಡುತ್ತಾರೆ.

ಪವನ್ ಕುಮಾರ್ ಅವರ ‘ಲೂಸಿಯಾ’ (2013) ನೋಡಿದ್ದೀರಲ್ಲ? ಅಲ್ಲಿ ಚಿಪ್ ಇಲ್ಲ, ಮಾತ್ರೆ ಇದೆ. ಥಿಯೇಟರಿನಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವ ನಿಕ್ಕಿಗೆ ನಿದ್ದೆ ಬರುವುದಿಲ್ಲ, ಮಾತ್ರೆ ನುಂಗಿ ಕನಸಿನಲ್ಲಿ ಸ್ಟಾರ್ ಆಗುತ್ತಾನೆ. ಅವನೂ ಬಡವ. ಆದರೆ ಆ ಸಿನಿಮಾ ಅವನ ಆಸೆ ಏನು, ಭಯ ಏನು ಅಂತ ಕೊನೆಯವರೆಗೂ ಕೇಳುತ್ತದೆ. ಜನರಿಂದಲೇ ದುಡ್ಡು ಕೂಡಿಸಿ ಮಾಡಿದ ಸಣ್ಣ ಚಿತ್ರಕ್ಕೆ ಇದ್ದ ವ್ಯವಧಾನ ದೊಡ್ಡ ಚಿತ್ರಕ್ಕೆ ಇಲ್ಲ.

ಇನ್ನು ನಿಜದ ಸಂಗತಿ. 1963ರಲ್ಲಿ ಸ್ಪೇನಿನ ಕೊರ್ಡೋಬಾದಲ್ಲಿ ಹೋಸೆ ಡೆಲ್ಗಾಡೊ ಎಂಬ ವಿಜ್ಞಾನಿ ಗೂಳಿಯ ಮೆದುಳಿಗೆ ತಂತಿ ಇಟ್ಟು, ಮೇಲೆರಗಿ ಬರುತ್ತಿದ್ದ ಅದನ್ನು ರೇಡಿಯೊ ಗುಂಡಿ ಒತ್ತಿ ನಿಲ್ಲಿಸಿದ. ಗೂಳಿಯ ಸಿಟ್ಟನ್ನೇ ಆರಿಸಿಬಿಟ್ಟ ಅಂತ ಸುದ್ದಿಯಾಯಿತು. ಸಿಟ್ಟು ಆರಿರಲಿಲ್ಲ, ಮೈಯ ಚಲನೆಗಷ್ಟೇ ತಡೆ ಬಿದ್ದಿರಬೇಕು ಅಂತ ಬೇರೆ ವಿಜ್ಞಾನಿಗಳು ಹೇಳಿದರು. ಮನಸ್ಸಿಗೆ ಹಗ್ಗ ಹಾಕುವುದು ಅಷ್ಟು ಸುಲಭವಲ್ಲ. ಇವತ್ತು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪಾರ್ಕಿನ್ಸನ್ ರೋಗಿಗಳ ನಡುಕ ತಗ್ಗಿಸಲು ಮೆದುಳಿನೊಳಗೆ ಎಲೆಕ್ಟ್ರೋಡ್ ಇಡುತ್ತಾರೆ. ರೋಗಿಗೆ ವಿವರಿಸಿ, ಸಹಿ ಪಡೆದೇ ಇಡುತ್ತಾರೆ. ಶಂಕರನಿಗೂ ಆ ರೋಗಿಗೂ ಇರುವ ದೊಡ್ಡ ವ್ಯತ್ಯಾಸ ಆ ಒಂದು ಕಾಗದ.

ನಮ್ಮ ಹುಡುಗಿಯ ಯಂತ್ರ ಮೆದುಳನ್ನು ಮುಟ್ಟುವುದೇ ಇಲ್ಲ. ಒಳಗಿವಿಯಲ್ಲಿ ಕೂತ ಎಲೆಕ್ಟ್ರೋಡ್ ಶ್ರವಣ ನರಕ್ಕೆ ಸಂಕೇತ ಕೊಡುತ್ತದೆ, ಹೊರಗಿನ ಬಿಲ್ಲೆ ಬರೀ ಅಯಸ್ಕಾಂತದಿಂದ ನಿಂತಿರುತ್ತದೆ. ಮಾರನೆಯ ದಿನ ಅವಳನ್ನು ಪಕ್ಕಕ್ಕೆ ಕರೆದು, ಇದನ್ನು ಕ್ಲಾಸಿಗೆ ಹೇಳಲಾ ಅಂತ ಕೇಳಿದೆ. “ನಾನೇ ಹೇಳ್ತೀನಿ ಟೀಚರ್” ಅಂದಳು. ಬಿಲ್ಲೆ ತೆಗೆದು ತೋರಿಸಿದಳು, “ಈಗ ನೀವು ಬೈದರೂ ನನಗೆ ಕೇಳಲ್ಲ” ಅಂದಳು, ಮತ್ತೆ ಹಾಕಿಕೊಂಡಳು. ಹಿಂದಿನ ಬೆಂಚಿನ ಹುಡುಗ ಬ್ಯಾಟರಿ ಎಷ್ಟು ಹೊತ್ತು ಬರುತ್ತೆ ಅಂತ ಕೇಳಿದ.

ನಿಮ್ಮ ಮನೆಯ ಮಕ್ಕಳೂ ಈ ಸಿನಿಮಾ ನೋಡಿರುತ್ತಾರೆ. ಬೇಡ ಅನ್ನಬೇಡಿ, ಜೊತೆಗೆ ಕೂತು ನೋಡಿ. ಆಪರೇಷನ್ ದೃಶ್ಯ ಬಂದಾಗ ಒಂದೇ ಮಾತು ಕೇಳಿ: ಶಂಕರನನ್ನು ಯಾರಾದರೂ ಕೇಳಿದರಾ?