ಗೇಟ್ ಮೊದಲು, ಸರಿ, ಆಮೇಲೆ?

ಮೈಕ್ರೋವೇವ್ ಲ್ಯಾಬಿಗೆ ಹೊಸದಾಗಿ ಬಂದವರ ಕಿವಿಯಲ್ಲಿ ಊದುವ ಮಂತ್ರ ಒಂದೇ: 'ಗೇಟ್ ಮೊದಲು, ಡ್ರೇನ್ ಆಮೇಲೆ, ಆಫ್ ಮಾಡುವಾಗ ತಿರುವುಮುರುವು.' ಇಷ್ಟು ಪಾಲಿಸಿದರೆ ಪವರ್ ಆಂಪ್ಲಿಫೈಯರಿಗೆ ಅಪಾಯವಿಲ್ಲವೆಂಬ ನಂಬಿಕೆ ಬೇರೂರಿದೆ. ಮಂತ್ರವೇನೂ ಸುಳ್ಳಲ್ಲ. ಈ ಆಂಪ್ಲಿಫೈಯರುಗಳಲ್ಲಿರುವ ಗ್ಯಾಲಿಯಂ ನೈಟ್ರೈಡ್ ಟ್ರಾನ್ಸಿಸ್ಟರ್ ಹುಟ್ಟಿನಿಂದಲೇ ತೆರೆದಿರುವ ನಲ್ಲಿ. ಗೇಟಿಗೆ ಋಣ ವೋಲ್ಟೇಜ್ ಕೊಟ್ಟರೆ ಮಾತ್ರ ಮುಚ್ಚುತ್ತದೆ. ಆದರೆ ಮಂತ್ರ ಹೇಳುವುದು ಸ್ವಿಚ್ಚುಗಳ ಕ್ರಮವನ್ನು. ಚಿಪ್ಪಿಗೆ ಸ್ವಿಚ್ಚು ಕಾಣುವುದಿಲ್ಲ, ತನ್ನ ಪಿನ್ನಿನ ಮೇಲಿನ ವೋಲ್ಟೇಜ್ ಅಷ್ಟೇ ಗೊತ್ತು.

ಆಫ್ ಮಾಡುವುದನ್ನೇ ನೋಡಿ. ಡ್ರೇನ್ ಸಪ್ಲೈ ಆರಿಸಿ ಮರುಕ್ಷಣವೇ ಗೇಟ್ ಆರಿಸಿದರೆ ಕ್ರಮ ತಪ್ಪಿಲ್ಲ. ಆದರೆ ಡ್ರೇನ್ ಲೈನಿನಲ್ಲಿ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದ್ದು, ಅದು 28 ವೋಲ್ಟಿಗೆ ತುಂಬಿದ್ದರೆ ಸುಮಾರು 39 ಮಿಲಿಜೂಲ್ ಶಕ್ತಿ ಅಲ್ಲೇ ಕೂತಿದೆ. ಚಾನೆಲ್ ಮುಚ್ಚಿದ್ದರೆ ಅದು ಬೇಗ ಇಳಿಯಲು ದಾರಿಯಿಲ್ಲ. ಗೇಟ್ ಸೊನ್ನೆಗೆ ಬಂತೋ, ಎಲ್ಲವೂ ಚಿಪ್ಪಿನ ಮೂಲಕವೇ ಹರಿಯುತ್ತದೆ. ಸಪ್ಲೈಯಲ್ಲಿ ನಾವು ಹೆಮ್ಮೆಯಿಂದ ಇಟ್ಟ ಕರೆಂಟ್ ಲಿಮಿಟ್ ಈ ವ್ಯವಹಾರದಲ್ಲಿ ಪಾತ್ರಧಾರಿಯೇ ಅಲ್ಲ. ಕಾಯಬೇಕಾದದ್ದು ಡ್ರೇನ್ ವೋಲ್ಟೇಜ್ ನಿಜವಾಗಿ ಇಳಿಯುವುದನ್ನು; ಕೆಪಾಸಿಟರಿಗೆ ಅಡ್ಡಲಾಗಿ ಒಂದು ಬ್ಲೀಡರ್ ರೆಸಿಸ್ಟರ್ ಹಾಕಿದ್ದರೆ ಕಾಯುವಿಕೆಯೂ ಕಡಿಮೆ.

ಎರಡನೆಯ ಮೂಢನಂಬಿಕೆ ಡೇಟಾಶೀಟಿನ ಗೇಟ್ ವೋಲ್ಟೇಜ್. ಕ್ರೀ ಕಂಪನಿ ಹೊರತಂದ 10 ವ್ಯಾಟಿನ ಸಿಜಿಎಚ್40010 ಟ್ರಾನ್ಸಿಸ್ಟರಿಗೆ ಸಾಮಾನ್ಯ ಗೇಟ್ ವೋಲ್ಟೇಜ್ −2.7 ಎಂದಿದೆ. ಅದನ್ನು ಹಾಗೇ ಬರೆದುಕೊಂಡು ಬಂದು ಸಪ್ಲೈಯಲ್ಲಿ ಒತ್ತುವವರು ಕಡಿಮೆಯಿಲ್ಲ. ಅದೇ ಹಾಳೆಯಲ್ಲಿ ಥ್ರೆಶೋಲ್ಡ್ −3.8ರಿಂದ −2.3 ವೋಲ್ಟಿನವರೆಗೆ ಎಲ್ಲಾದರೂ ಇರಬಹುದೆಂದೂ ಬರೆದಿದೆ. ಹಾಗಾದರೆ −2.7ರಲ್ಲಿ ಒಂದು ತುಂಡು ಪೂರ್ತಿ ಮುಚ್ಚಿರಬಹುದು, ಇನ್ನೊಂದು 1.1 ವೋಲ್ಟಿನಷ್ಟು ತೆರೆದುಕೊಂಡು ಕುದಿಯುತ್ತಿರಬಹುದು. ಡೇಟಾಶೀಟ್ ಕೇಳುತ್ತಿರುವುದು 200 ಮಿಲಿಆಂಪಿಯರ್ ಡ್ರೇನ್ ಕರೆಂಟನ್ನು. ಗೇಟನ್ನು −5 ವೋಲ್ಟಿನಿಂದ ನಿಧಾನವಾಗಿ ಮೇಲೆ ತಂದು, ಕರೆಂಟ್ ಮುಟ್ಟಿದಲ್ಲಿ ನಿಲ್ಲಿಸಬೇಕು. ಆಗ ವೋಲ್ಟೇಜ್ ಎಷ್ಟಿದೆಯೋ ಅದೇ ಆ ತುಂಡಿನ ಸಂಖ್ಯೆ.

ಗೇಟಿಗೆ ಕರೆಂಟೇ ಬೇಡ ಎಂಬುದೂ ಅರ್ಧಸತ್ಯ. ಬಿಸಿಯಾದಂತೆ ಗೇಟಿನಿಂದ ಸೋರುವ ಕರೆಂಟ್ ಸಪ್ಲೈ ಕಡೆಗೆ ಹೊರಗೆ ಹರಿಯುತ್ತದೆ. 'ರಕ್ಷಣೆಗೆ' ಎಂದು ಹಾಕಿದ 1 ಕಿಲೋಓಮ್ ರೆಸಿಸ್ಟರಿನಲ್ಲಿ ಬರೀ 1 ಮಿಲಿಆಂಪಿಯರ್ ಸೋರಿದರೂ ಗೇಟ್ 1 ವೋಲ್ಟ್ ಮೇಲಕ್ಕೇರುತ್ತದೆ. ಡ್ರೇನ್ ಕರೆಂಟ್ ಹೆಚ್ಚುತ್ತದೆ, ಬಿಸಿ ಹೆಚ್ಚುತ್ತದೆ, ಸೋರಿಕೆಯೂ. ರಕ್ಷಣೆಯೇ ಭಕ್ಷಣೆಯಾಗುವ ಈ ಪರಿಗೆ ಸ್ವಿಚ್ಚುಗಳ ಕ್ರಮದಲ್ಲಿ ಮದ್ದಿಲ್ಲ. ಗೇಟ್ ಸಪ್ಲೈಗೆ ಕರೆಂಟ್ ಕೊಡುವ, ಹೀರುವ ಎರಡೂ ಶಕ್ತಿ ಇರಬೇಕು. ಅನೇಕ ಬೆಂಚ್ ಸಪ್ಲೈಗಳಿಗೆ ಒಂದೇ ದಿಕ್ಕಿನ ಕರೆಂಟ್ ಮಾತ್ರ ಸಾಧ್ಯ.

ಹೊಸಬರಿಗೆ ಸರಳ ನಿಯಮವೇ ಬೇಕು ಎನ್ನುವವರ ಮಾತನ್ನು ಒಪ್ಪುತ್ತೇನೆ. ಆದರೆ ಈ ಸರಳ ನಿಯಮ, ಗೇಟ್ ತಂತಿಯ ಬೆಸುಗೆ ಬಿಟ್ಟಿದ್ದರೂ ಸಪ್ಲೈಯ ಪರದೆಯಲ್ಲಿ −5 ಕಂಡರೆ ಸಾಕು, 'ಎಲ್ಲ ಸರಿ' ಎನ್ನುತ್ತದೆ. ಹಾಗಾಗಿ ಮೊದಲು ಡ್ರೇನಿಗೆ 5 ವೋಲ್ಟ್ ಮಾತ್ರ, ಸಣ್ಣ ಕರೆಂಟ್ ಲಿಮಿಟ್‌ನೊಂದಿಗೆ. ಗೇಟ್ ತಿರುಗಿಸಿದಂತೆ ಡ್ರೇನ್ ಕರೆಂಟ್ ನಯವಾಗಿ ಏರಿಳಿಯುತ್ತದೆಯೇ ನೋಡಿ. ಕದಲದಿದ್ದರೆ ತಂತಿ ಹುಡುಕಿ; ಧುಮುಕಿದರೆ, ಇಲ್ಲವೇ ಕೈ ಹತ್ತಿರ ತಂದಾಗ ಬದಲಾದರೆ, ಆಂಪ್ಲಿಫೈಯರ್ ಆಸಿಲೇಟ್ ಆಗುತ್ತಿದೆ. ಅದು ನಿಲ್ಲುವವರೆಗೆ 28 ವೋಲ್ಟಿನ ಮಾತೇ ಬೇಡ.