ಬೀಗದ ಒಗಟು, ಬಾಗಿಲ ಹಿಂದಿನ ಮನೆ

ಬೀಗದಕೈ ಇಲ್ಲದೆ ಬೀಗ ತೆಗೆಯುವುದು ಕಳ್ಳರ ವಿದ್ಯೆ ಎಂದೇ ನಾವೆಲ್ಲ ನಂಬಿದವರು. ಕಸೂತಿ, ಪದಬಂಧಗಳಂತೆ ಅದನ್ನೂ ಬಿಡುವಿನ ಹವ್ಯಾಸವಾಗಿ ಕಲಿಯುವವರಿದ್ದಾರೆ ಎಂದರೆ ಹುಬ್ಬೇರುತ್ತದೆ. ಹೊಸಬರಿಗೆ ಬಾಲಬೋಧೆಯಂತಿರುವ ಕಿರುಹೊತ್ತಗೆ 'ಎಂಐಟಿ ಗೈಡ್ ಟು ಲಾಕ್ ಪಿಕಿಂಗ್'. 1991ರಲ್ಲಿ ಬಂದ ಇದರ ಲೇಖಕ 'ಟೆಡ್ ದ ಟೂಲ್' ಎಂಬ ಅಡ್ಡಹೆಸರಿನ ಹಿಂದೆ ಅಡಗಿದ್ದಾನೆ. ಊರ ಬೀಗ ಬಿಚ್ಚುವುದನ್ನು ಕಲಿಸುವವನು ತನ್ನ ಹೆಸರಿಗೆ ಮಾತ್ರ ಬೀಗ ಜಡಿದುಕೊಂಡಿದ್ದಾನೆ!

ಪುಸ್ತಕದ ಹೆಚ್ಚುಗಾರಿಕೆ ಅದರ ವಿವರಣೆಯಲ್ಲಿದೆ. ಬೀಗದೊಳಗೆ ಸಾಲಾಗಿ ಪುಟ್ಟ ಪಿನ್ನುಗಳು. ಒಂದೊಂದೂ ಎರಡು ತುಂಡು. ಸರಿಯಾದ ಬೀಗದಕೈ ಅವನ್ನು ತಕ್ಕ ಎತ್ತರಕ್ಕೆ ಎತ್ತಿದಾಗ ತುಂಡುಗಳ ನಡುವಿನ ಸಂದುಗಳೆಲ್ಲ ಒಂದೇ ಗೆರೆಗೆ ಬಂದು ಒಳಗಿನ ಉರುಳೆ ತಿರುಗುತ್ತದೆ. ಆದರೆ ಎಷ್ಟು ಎಚ್ಚರದಿಂದ ಕೊರೆದರೂ ಪಿನ್ನಿನ ತೂತುಗಳು ಕೂದಲೆಳೆಯಷ್ಟು ಆಚೀಚೆಯಾಗಿಯೇ ಇರುತ್ತವೆ. ಹಾಗಾಗಿ ಉರುಳೆಯನ್ನು ಮೆಲ್ಲಗೆ ತಿರುಗಿಸಿ ಹಿಡಿದರೆ ಒಂದು ಪಿನ್ನು ಮೊದಲು ಬಿಗಿಯುತ್ತದೆ. ಅದನ್ನು ಸಣ್ಣ ಕಡ್ಡಿಯಿಂದ ಎತ್ತಿ ಕೂರಿಸಿದರೆ ಇನ್ನೊಂದು ಬಿಗಿಯುತ್ತದೆ. ಬಲ ಹೆಚ್ಚಾದರೆ ಕೆಲಸ ಕೆಟ್ಟಿತು. ಕಣ್ಣಿಗೆ ಕಾಣದ್ದನ್ನು ಬೆರಳೇ ಅರಿಯಬೇಕು. ಪಾಕ ಒಂದೆಳೆಯೋ ಎರಡೆಳೆಯೋ ಎಂದು ಬೆರಳಿನಿಂದಲೇ ತಿಳಿಯುವ ನಮಗೆ ಇದು ಹೊಸ ಮಾತಲ್ಲ.

ನನ್ನ ತಕರಾರು ಬೇರೆ. ಈ ಪುಸ್ತಕದಲ್ಲಿ ಬೀಗವಿದೆ, ಬಾಗಿಲ ಹಿಂದೆ ಮನೆಯಿಲ್ಲ. ಕೊನೆಯಲ್ಲಿ ಕಾನೂನಿನ ಬಗ್ಗೆ ಅನುಬಂಧವೊಂದಿದೆ, ನಿಜ. ಆದರೆ ಲೇಖಕನಿಗೆ ಬೀಗವೆಂದರೆ ಒಗಟು, ಅಷ್ಟೇ. ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಮಲಗುವ ಹುಡುಗಿಗೆ ಅದು ರಾತ್ರಿಯ ನಿದ್ದೆ. ಸೊಂಟಕ್ಕೆ ಬೀಗದಕೈ ಗೊಂಚಲು ಸಿಕ್ಕಿಸಿಕೊಂಡ ಗೃಹಿಣಿಗೆ ಅದು ಮನೆಯಲ್ಲಿ ತನಗಿರುವ ಸ್ಥಾನ.

ಹಾಗೆಂದು ಇಂಥ ಪುಸ್ತಕವೇ ಬೇಡವೆ? ಹಾಗೆನ್ನಲಾರೆ. ಲಂಡನ್ನಿನ ಬ್ರಾಮಾ ಕಂಪನಿ ತನ್ನ ಬೀಗ ತೆಗೆದವರಿಗೆ 200 ಗಿನಿ ಬಹುಮಾನವೆಂದು ಅಂಗಡಿಯ ಕಿಟಕಿಯಲ್ಲಿ ಸವಾಲು ಇಟ್ಟಿತ್ತು. 1851ರಲ್ಲಿ ಅಮೆರಿಕದ ಹಾಬ್ಸ್ ಅದನ್ನು ತೆಗೆದೇಬಿಟ್ಟ. 16 ದಿನಗಳಲ್ಲಿ ಹಂಚಿಕೊಂಡು 51 ಗಂಟೆ ಹಿಡಿಯಿತು. ಭೇದಿಸಲಾಗದ ಬೀಗವೆಂಬ ಜಂಬ ಅಲ್ಲಿಗೆ ಮುಗಿಯಿತು. ಗುಟ್ಟು ಮುಚ್ಚಿಟ್ಟರೆ ಕಳ್ಳರಿಗೇನೂ ನಷ್ಟವಿಲ್ಲ, ಅವರಿಗದು ಮೊದಲೇ ಗೊತ್ತು. ಗೊತ್ತಿಲ್ಲದಿರುವುದು ನಮಗೆ.

ನಾವು ಅಂಗಡಿಯಲ್ಲಿ ಬೀಗವನ್ನು ಕೈಯಲ್ಲಿ ತೂಗಿ ನೋಡಿ ಕೊಳ್ಳುತ್ತೇವೆ. ತೂಕಕ್ಕಿಂತ ಒಳಗಿನ ಕೆಲಸದ ನಾಜೂಕು ಮುಖ್ಯವೆಂದು ಈ ಪುಸ್ತಕ ಓದಿದವಳಿಗೆ ತಿಳಿಯುತ್ತದೆ. ಈ ಹವ್ಯಾಸದವರು ಒಂದು ನಿಯಮ ಪಾಲಿಸುತ್ತಾರೆ: ತನ್ನದಲ್ಲದ ಬೀಗ ಮುಟ್ಟಬಾರದು, ಬಳಕೆಯಲ್ಲಿರುವ ಬೀಗದ ಮೇಲೆ ಪ್ರಯೋಗ ಬೇಡ. ಅಷ್ಟಕ್ಕೆ ಒಪ್ಪಿದರೆ ಅಟ್ಟದ ಮೇಲಿನ ಹಳೆಯ ಬೀಗ ಇಳಿಸಿಕೊಂಡು ಕೂರಲು ನನ್ನ ಅಡ್ಡಿಯಿಲ್ಲ. ರಾತ್ರಿ ಮಾತ್ರ ಒಳಚಿಲಕ ಮರೆಯಬೇಡಿ. ಬೀಗದಕೈಗೆ ತೂತೇ ಇಲ್ಲದ ಅದರ ಮುಂದೆ ಟೆಡ್‌ನ ಕಡ್ಡಿಗಳಿಗೆ ಕೆಲಸವಿಲ್ಲ.